ಎರಡು ಬಾಗಿಲ ನಡುವಿನ ಗಿಡ

ಒದ್ದೆ ಬಟ್ಟೆ ಹಿಡಿದು ಅವಳು ಒಂದೊಂದೇ ಎಲೆ ಒರೆಸುತ್ತಿದ್ದಳು. ಕೆಳಗೆ ಅಂಗೈ ಕೊಟ್ಟು, ಮೇಲೆ ಮೆಲ್ಲಗೆ... ಮಗುವಿನ ಮುಖ ಒರೆಸಿದ ಹಾಗೆ.

ತಟ್ಟೆಯಷ್ಟು ಅಗಲದ, ಅಂಚು ಸೀಳಿದ ಎಲೆಗಳ ಮಾನ್‌ಸ್ಟೆರಾ ಗಿಡ ಅದು. ಮಹಡಿಯ ಎರಡು ಮನೆಗಳ ಬಾಗಿಲ ನಡುವೆ, ಮೆಟ್ಟಿಲ ಕಿಟಕಿಯ ಪಕ್ಕ ಇತ್ತು. ಮೇಲಿನ ಮನೆಯ ನರ್ಸಮ್ಮ ಊರು ಬಿಡುವಾಗ ಇಟ್ಟು ಹೋದದ್ದು.

'ಅಕ್ಕನ ಊರಿಗೆ ಹೋಗುವ ಮುಂಚೆ ಇದನ್ನು ಬದುಕಿಸಲೇಬೇಕು...'

ಅಕ್ಕನ ಹೊಲಿಗೆ ಅಂಗಡಿಗೆ ಇವಳೂ ಸೇರಬೇಕೆಂದು ಮಾತಾಗಿತ್ತು. 'ಬರುತ್ತೇನೆ' ಎಂದು ಬರೆದ ಕಾಗದ ಮಾತ್ರ ಹೊಲಿಗೆ ಯಂತ್ರದ ಡ್ರಾಯರಿನಲ್ಲೇ ಉಳಿದಿತ್ತು. ಅಂಚೆಗೆ ಹಾಕಲು ದಿನಕ್ಕೊಂದು ನೆಪ ಅಡ್ಡ ಬರುತ್ತಿತ್ತು.

ಹಳದಿಯಾದ ಎಲೆಯೊಂದು ಅವಳ ಕೈಯಲ್ಲೇ ಕಳಚಿಕೊಂಡಿತು.

"ಮುಖ ಒರೆಸಿದ್ರೆ ಸಾಕಾ? ಬಾಯಿಗೆ ಒಂದು ತೊಟ್ಟು ನೀರೂ ಹಾಕಿ!"

ಬೆಚ್ಚಿ ತಿರುಗಿದಳು. ಎದುರುಮನೆಯ ಕನ್ನಡಕದವನು! ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವನು. ಇಷ್ಟು ದಿನ ಎದುರಾದರೆ ತಲೆ ತಗ್ಗಿಸಿ ಹೋಗುತ್ತಿದ್ದವನಿಗೆ ಇವತ್ತು ನಾಲಿಗೆ ಬಂದಿದೆ!

"ನಾನು ಹಾಕ್ತಿಲ್ಲ ಅಂತ ನಿಮಗೆ ಯಾರು ಹೇಳಿದ್ದು? ನೀವೇ ಸೋಪಿನ ನೀರು ಸುರಿದಿರ್ತೀರಿ!"

"ನಾನಾ? ನೋಡ್ಕೋ ಅಂತ ನರ್ಸಮ್ಮ ಹೇಳಿ ಹೋಗಿದ್ದೇ ನನಗೆ!"

"ನಿಮಗಲ್ಲ, ನನಗೆ!"

ಹೊಸ್ತಿಲಲ್ಲಿ ಬಟಾಣಿ ಸುಲಿಯುತ್ತಿದ್ದ ಅವಳ ಅಜ್ಜಿ ಸಿಪ್ಪೆ ಕೆಳಗಿಟ್ಟಳು.

"ಇಬ್ಬರೂ ಸ್ವಲ್ಪ ಬಾಯಿ ಮುಚ್ರೋ! ಬೆಳಿಗ್ಗೆ ಇವಳು ಒಂದು ಚೊಂಬು, ಸಂಜೆ ಇವನು ಒಂದು ಚೊಂಬು. ಮಾತಾಡ್ಕೊಂಡೇ ಹಾಕ್ತಿದ್ದೀರಿ ಅಂದ್ಕೊಂಡಿದ್ದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಮದುವೇನೇ ಆಗಿಲ್ಲ, ಕೂಸು ಆಗ್ಲೇ ಬಡವಾಗಿದೆ!"

ಅವನು ಕಿಟಕಿ ನೋಡಿದ. ಅವಳು ಕೈಯಲ್ಲಿದ್ದ ಹಳದಿ ಎಲೆ ನೋಡಿದಳು. ಇಬ್ಬರ ಕಿವಿಯೂ ಕೆಂಪು.

ಕುಂಡದಿಂದ ಗಿಡ ಎತ್ತಿದರೆ ಒಳಗೆಲ್ಲ ಕೆಸರು, ಕೊಳೆತ ವಾಸನೆ. ಬೇರುಗಳು ಕಪ್ಪಾಗಿ ಮೆತ್ತಗಾಗಿದ್ದವು. ಒಂದಿಷ್ಟು ಮಾತ್ರ ಇನ್ನೂ ಬೆಳ್ಳಗೆ, ಗಟ್ಟಿಯಾಗಿ...

"ಕೊಳೆತದ್ದನ್ನ ಕತ್ತರಿಸಿ ತೆಗೀಬೇಕು. ಹರಿತವಾದ್ದೇ ಬೇಕು, ನನ್ನ ಹತ್ರ ಇರೋದು ಬರೀ ಸ್ಕ್ರೂಡ್ರೈವರ್," ಎಂದ ಅವನು, ಸಣ್ಣ ದನಿಯಲ್ಲಿ.

ಅವಳು ಒಳಗೆ ಹೋಗಿ ಯಂತ್ರದ ಮುಂದೆ ನಿಂತಳು. ಬಟ್ಟೆ ಕತ್ತರಿ... ಹೊಲಿಯುವವರು ಅದನ್ನು ಕಾಗದಕ್ಕೂ ಮುಟ್ಟಿಸುವುದಿಲ್ಲ, ಬಾಯಿ ಮೊಂಡಾಗುತ್ತದೆ. ಅಕ್ಕ ಕೇಳಿದಾಗಲೂ ಅವಳು ಕೊಟ್ಟವಳಲ್ಲ.

ತಂದು ಅವನ ಕೈಗಿಟ್ಟಳು.

"ಅಯ್ಯಯ್ಯೋ!" ಎಂದಳು ಅಜ್ಜಿ. "ಉಗುರು ತೆಗೆಯೋಕೆ ಕೇಳಿದ್ದಕ್ಕೆ ನನ್ನ ಜೊತೆ ಒಂದು ವಾರ ಮಾತು ಬಿಟ್ಟವಳು ಇವಳು!"

ಬೇರು ಹಗುರಾಯಿತು. ತೆಂಗಿನ ನಾರು, ಇದ್ದಿಲ ಚೂರು ಬೆರೆಸಿದ ಸಡಿಲ ಮಣ್ಣಿಗೆ ಗಿಡ ಬಂತು. ಇನ್ನು ಮೇಲೆ ಒಬ್ಬರನ್ನೊಬ್ಬರು ಕೇಳದೆ ನೀರಿಲ್ಲ, ಮಣ್ಣಿಗೆ ಬೆರಳಿಟ್ಟು ನೋಡದೆ ನೀರಿಲ್ಲ ಎಂದು ಒಪ್ಪಂದವಾಯಿತು.

ದಿನಾ ಬಾಗಿಲು ತಟ್ಟುವ ಸದ್ದು. "ಇವತ್ತು ಬೇಕಾ?" "ಬೇಡ, ಇನ್ನೂ ಹಸಿಯಿದೆ." ಅಷ್ಟು ಮಾತಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು! ಆ ಸದ್ದಿಗಾಗಿ ಅವಳು ಯಂತ್ರದ ಚಕ್ರ ನಿಲ್ಲಿಸಿ ಕಿವಿಗೊಡುವುದನ್ನು ಅಜ್ಜಿ ಕಂಡೂ ಕಾಣದಂತಿದ್ದಳು.

ಆದರೆ ಅಜ್ಜಿಯ ಬಾಯಲ್ಲಿ ಮಾತು ನಿಲ್ಲುವುದುಂಟೆ? ಅವಳು ಅಕ್ಕನ ಊರಿಗೆ ಹೋಗುವ ಸುದ್ದಿ ಒಂದು ದಿನ ಅವನ ಕಿವಿಗೂ ಬಿತ್ತು.

ಬಾಗಿಲು ತಟ್ಟುವುದು ನಿಂತಿತು. ಎರಡು ದಿನ ಕಳೆದು ಅವನು ಗಿಡ ಹೊತ್ತು ಬಂದ. ಸುತ್ತ ಕಾಗದ, ಮೇಲೆ ದಾರ.

"ಪ್ರಯಾಣಕ್ಕೆ ಕಟ್ಟಿದ್ದೀನಿ. ಅಲ್ಲಿ ನೇರ ಬಿಸಿಲಿಗೆ ಇಡ್ಬೇಡಿ."

"ನನ್ನ ಸಾಗಹಾಕೋಕೆ ಎಷ್ಟೊಂದು ಅವಸರ!" ಬಾಗಿಲು ಹಾಕಿಕೊಂಡಳು. ಆವತ್ತು ಹೊಲಿದ ಪರದೆಯ ಹೊಲಿಗೆಯೆಲ್ಲ ಸೊಟ್ಟ...

ಬೆಳಿಗ್ಗೆ ಬಾಗಿಲು ತೆರೆದರೆ, ಅವನು ಹೊಸ್ತಿಲ ಬಳಿ ಬಿಟ್ಟುಹೋದ ಗಿಡದ ಕಾಗದದ ಸಂದಿಯಲ್ಲಿ ಏನೋ ಕಂಡಿತು. ಸುರುಳಿ ಸುತ್ತಿದ ಎಳೆ ಹಸಿರು... ಹೊಸ ಎಲೆ!

ಓಡಿ ಹೋಗಿ ಅವನ ಬಾಗಿಲು ಬಡಿದಳು.

"ಉಸಿರು ಕಟ್ಟೋ ಹಾಗೆ ಸುತ್ತಿದ್ದೀರಲ್ಲ! ಹೊಸ ಎಲೆ ಕಾಣಲಿಲ್ವಾ?"

"ಕಂಡಿತ್ತು. ಎಲೆ ಬಿಚ್ಚೋ ಹೊತ್ತಲ್ಲಿ ಜಾಗ ಬದಲಾಯಿಸಬಾರದು. ಆದ್ರೆ ಹಾಗಂದ್ರೆ... ಗಿಡದ ನೆಪ ಹೇಳಿ ನಿಮ್ಮನ್ನ ತಡೆದ ಹಾಗಾಗುತ್ತೆ ಅಂತ..."

"ನೆಪ ಬೇಡ. ನೆಪ ಇಲ್ದೆ ಹೇಳಿ."

ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಒರೆಸಿದ.

"ಹೋಗ್ಬೇಡಿ. ಗಿಡ ಒಬ್ಬನೇ ಸಾಕ್ತೀನಿ. ನೀವಿಲ್ದೆ ಇರೋದು ನನಗೆ ಬರಲ್ಲ."

ಅವಳು ತನ್ನ ಮನೆಯೊಳಗೆ ಹೋದಳು. ಹಳೆಯ ಕಾಗದವನ್ನೂ ಬಟ್ಟೆ ಕತ್ತರಿಯನ್ನೂ ಹಿಡಿದು ಬಂದು, ಅವನೆದುರೇ 'ಬರುತ್ತೇನೆ' ಎಂಬ ಕೊನೆಯ ಸಾಲನ್ನು ಕತ್ತರಿಸಿಬಿಟ್ಟಳು!

"ಕಾಗದಕ್ಕೆ ಆ ಕತ್ತರಿನಾ? ಬಾಯಿ ಹೋಗುತ್ತೆ!"

"ಹೋಗ್ಲಿ. ಗಾಜು ಉಜ್ಜೋರು ಸಾಣೆ ಹಿಡಿದು ಕೊಡ್ತಾರೆ, ಜನ್ಮವಿಡೀ."

ಉಳಿದ ಜಾಗದಲ್ಲಿ ಬರೆದಳು: 'ನಾನು ಬರುವುದಿಲ್ಲ ಅಕ್ಕಾ, ನೀನೇ ಬಾ. ಒಬ್ಬರನ್ನು ತೋರಿಸುವುದಿದೆ.'

ಬೀದಿ ಮೂಲೆಯ ಅಂಚೆ ಡಬ್ಬಿಯ ಮುಂದೆ ಅವನೂ ಲಕೋಟೆಯ ತುದಿ ಹಿಡಿದ.

"ಒಟ್ಟಿಗೆ ಹಾಕೋಣ್ವಾ?"

"ಬೇಡಪ್ಪ! ಗಿಡಕ್ಕೆ ಇಬ್ಬರೂ ಹಾಕಿದ್ದು ಏನಾಯ್ತು ಅಂತ ನೋಡಿದ್ದೀವಲ್ಲ," ಎಂದು ನಕ್ಕು, ಅವಳೊಬ್ಬಳೇ ಕಾಗದವನ್ನು ಒಳಗೆ ಬಿಟ್ಟಳು.