ಬೆನ್ನು ತಿರುಗಿಸಿ ನಿಂತ ಅಪ್ಪ

ಚರ್ಚಿನ ಕಿಟಕಿಯಲ್ಲಿ ಅಪ್ಪ ಬೆನ್ನು ತಿರುಗಿಸಿ ನಿಂತು ಎರಡು ವರ್ಷವಾಗಿತ್ತು.

ಮನೆ ಬಿಟ್ಟು ಹೋಗಿ, ಎಲ್ಲ ಹಾಳುಮಾಡಿಕೊಂಡು ಮರಳಿ ಬರುವ ಬೈಬಲ್ ಕಥೆಯ ಮಗ ಎಡಗಡೆಯ ಬಣ್ಣದ ಗಾಜಿನಲ್ಲಿ. ಅವನನ್ನು ತಬ್ಬಿಕೊಳ್ಳಲು ಓಡಿಬರುವ ಅಪ್ಪ ಬಲಗಡೆಯದರಲ್ಲಿ. ಚಿತ್ರ ಬರೆದವಳು ಅವಳು, ಗಾಜು ಕೂರಿಸಿದವನು ಅವನು. ಅವಸರದಲ್ಲಿ ಅಪ್ಪನ ಗಾಜನ್ನು ಒಳಮೈ ಹೊರಗೆ ಮಾಡಿ ಕೂರಿಸಿಬಿಟ್ಟಿದ್ದ. ಅಪ್ಪ ಮಗನನ್ನು ಬಿಟ್ಟು ಗೋಡೆಯ ಕಡೆಗೆ ಓಡುತ್ತಿದ್ದ. ಅದೇ ಸಂಜೆ, ಇಬ್ಬರ ಮದುವೆಗೆ ಎಂಟೇ ದಿನವಿದೆ ಎನ್ನುವಾಗ, ಅವನು ಹೆದರಿ, ಒಂದು ಮಾತೂ ಹೇಳದೆ ಊರು ಬಿಟ್ಟಿದ್ದ.

ಇವತ್ತು ಬೆಳಿಗ್ಗೆ ಚರ್ಚಿನ ಏಣಿ ಹೊತ್ತು ಬಾಗಿಲಲ್ಲಿ ನಿಂತಿದ್ದ.

"ಇವರನ್ನ ಯಾರು ಕರೆಸಿದ್ದು, ಫಾದರ್?"

"ನಾನೇ, ಮಗಳೇ. ಅಪ್ಪನಿಗೆ ಇನ್ನೂ ಸಿಟ್ಟು ಇಳಿದಿಲ್ವಾ ಅಂತ ಪ್ರತಿ ಭಾನುವಾರ ಮಕ್ಕಳು ಕೇಳ್ತವೆ. ಉತ್ತರ ಹೇಳಿ ಹೇಳಿ ಸಾಕಾಯ್ತು," ಎಂದು ಪಾದ್ರಿ ಮೆಲ್ಲನೆ ಜಾಗ ಖಾಲಿ ಮಾಡಿದರು.

ಅವನು ಏಣಿ ಹತ್ತಿ ಗಾಜಿನ ಅಂಚಿಗೆ ಮೆತ್ತಿದ್ದ ಪುಟ್ಟಿ ಕೆರೆಯತೊಡಗಿದ. ಅವಳು ಕೆಳಗೆ ಏಣಿ ಹಿಡಿದಳು. ಬೇರೆ ಯಾರೂ ಇಲ್ಲವಲ್ಲ, ಅದಕ್ಕೇ ಎಂದು ತನಗೆ ತಾನೇ ಹೇಳಿಕೊಂಡಳು. ಅವನ ಕಿವಿಯ ಹಿಂದೆ ನಾಲ್ಕು ನರೆಗೂದಲು. ಕಣ್ಣು ತಪ್ಪಿಸುವಷ್ಟರಲ್ಲಿ ಅವನು ನೋಡಿಯಾಗಿತ್ತು.

"ಗಾಜು ಉಲ್ಟಾ ಕೂತಿದೆ ಅಂತ ಮೊದಲ ದಿನವೇ ನಿಂಗೆ ಗೊತ್ತಾಗಿತ್ತು, ಅಲ್ವಾ?"

"ಹೂಂ."

"ಬೇರೆಯವರ ಕೈಲಿ ಸರಿ ಮಾಡಿಸಬಹುದಿತ್ತು."

"ಕೂರಿಸಿದವನೇ ಬಂದು ತೆಗೀಲಿ ಅಂತ ಬಿಟ್ಟೆ."

ಒಂದೊಂದು ಅಂಚು ಹಿಡಿದು ಇಬ್ಬರೂ ಗಾಜನ್ನು ಕೆಳಗಿಳಿಸಿದರು. ಅಪ್ಪನ ಮುಖದ ತುಂಬ ಬೀದಿಯ ಧೂಳು. ಅವಳು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದಳು.

ಅವನು ಗಂಟಲು ಸರಿಮಾಡಿಕೊಂಡ. ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. "ಕ್ಷಮೆ ಕೇಳೋ ಯೋಗ್ಯತೆನೂ ನಂಗಿಲ್ಲ. ಬರೀ ಕೆಲಸದವನು ಅಂತ ತಿಳ್ಕೊಂಡು..."

"ಈ ಮಗನೂ ಹೀಗೇ ಭಾಷಣ ರೆಡಿ ಮಾಡ್ಕೊಂಡು ಬಂದಿದ್ದ," ಅವಳು ತಲೆ ಎತ್ತಲಿಲ್ಲ. "ಅಪ್ಪ ಪೂರ್ತಿ ಹೇಳೋಕೂ ಬಿಡದೆ ತಬ್ಬಿಕೊಂಡ."

"ನೀನು?"

"ದೇವರಿಗಾದ್ರೆ ಒಂದೇ ಸಲಕ್ಕೆ ಕ್ಷಮಿಸೋಕೆ ಬರುತ್ತೆ. ನಾನಿನ್ನೂ ಕಲೀತಿದೀನಿ. ನಂಗೆ ಭಾಷಣ ಪೂರ್ತಿ ಬೇಕು. ದಿನಾ ಒಂದಿಷ್ಟು."

"ದಿನಾ ಅಂದ್ರೆ... ಎಷ್ಟು ದಿನ?"

"ಹಲ್ಲು ಉದುರೋವರೆಗೆ. ಈಗ ಗಾಜು ಹಿಡಿ, ಅಪ್ಪನಿಗೆ ಕತ್ತು ನೋಯ್ತಿರಬೇಕು."

ಈ ಸಲ ಅವನು ಅವಸರ ಮಾಡಲಿಲ್ಲ. ಗಾಜು ಚೌಕಟ್ಟಿಗೆ ಕೂತಿತು. ಅಪ್ಪ ಮಗನ ಕಡೆಗೆ ತಿರುಗಿದ. ಚಾಚಿದ ಆ ಕೈಗಳ ಕೆಂಪು ಬೆಳಕು ಏಣಿಯ ಮೇಲಿದ್ದವನ ಅಂಗಿಯ ಮೇಲೆ ಬಿತ್ತು.

ಅವನು ಏಣಿಯ ಮೆಟ್ಟಿಲ ಮೇಲೇ ಕೂತು, ಮುಖ ಮುಚ್ಚಿಕೊಂಡು ಅತ್ತ.

ಅವಳು ಏಣಿ ಬಿಡಲಿಲ್ಲ.