ಎರಡನೇ ಸಾಕ್ಷಿ

ಪ್ರಕೃತಿ ತಿಪ್ಪೇಸ್ವಾಮಿಯ ಮುಖಕ್ಕಿಂತ ಮೊದಲು ಅವನ ಕತ್ತಿನ ಹಿಂಭಾಗವನ್ನು ಪ್ರೀತಿಸಿದಳು. ಇದರಲ್ಲಿ ಅವಳ ತಪ್ಪೇನೂ ಇಲ್ಲ. ಆಫೀಸಿನ ನಿಯಮವೇ ಹಾಗಿತ್ತು.

ಸಂಸದರ ನಿಧಿಯಿಂದ ಕಟ್ಟಿದ್ದೇವೆಂದು ಕಾಗದದ ಮೇಲೆ ಹೇಳುವ ಕೊಳಾಯಿ, ಶಾಲೆಯ ಕೋಣೆ, ರಸ್ತೆಗಳು ನೆಲದ ಮೇಲೂ ಇವೆಯೇ ಎಂದು ಹೋಗಿ ನೋಡಿಬರುವುದು ಅವರ ಸಂಸ್ಥೆಯ ಕೆಲಸ. ನೋಡಲು ಯಾವಾಗಲೂ ಇಬ್ಬರು ಹೋಗಬೇಕು. ಬೇರೆಬೇರೆಯಾಗಿ ನೋಡಬೇಕು. ನೋಡಿದ್ದನ್ನು ಆಫೀಸಿಗೆ ಬಂದು ಒಬ್ಬೊಬ್ಬರಾಗಿ ಹೇಳುವ ತನಕ ತಮ್ಮತಮ್ಮಲ್ಲಿ ಆ ಮಾತೆತ್ತಬಾರದು. ಮುಖ ನೋಡಿದರೆ ಮನಸ್ಸು ಗೊತ್ತಾಗಿಬಿಡುತ್ತದೆಂದು ವಾಪಸ್ ಬರುವಾಗ ಅಕ್ಕಪಕ್ಕ ಕೂರುವಂತೆಯೂ ಇಲ್ಲ. ಇಬ್ಬರ ಮಾತು ಕೂಡಿದರೆ ಅದು ವರದಿಗೆ ಸೇರುತ್ತದೆ, ಕೂಡದಿದ್ದರೆ ಬಿಟ್ಟುಹೋಗುತ್ತದೆ. ಸುಳ್ಳು ಹೇಳಿದವರು ಆ ದಿನವೇ ಮನೆಗೆ. ಸಂಸ್ಥೆ ಶುರುಮಾಡಿದ ಪದ್ಮಾ ಮೇಡಂ ಈ ವಿಷಯದಲ್ಲಿ ಕಲ್ಲಿನಂಥವರು.

ಹಾಗಾಗಿ ಹೋಗುವಾಗ ಬಸ್ಸಿನಲ್ಲಿ ಇಬ್ಬರಿಗೂ ಬಾಯಿ ಮುಚ್ಚಲು ಪುರುಸೊತ್ತಿರುತ್ತಿರಲಿಲ್ಲ. ಬರುವಾಗ ತಿಪ್ಪೇಸ್ವಾಮಿ ಮುಂದಿನ ಸೀಟು, ಪ್ರಕೃತಿ ಹಿಂದಿನ ಸೀಟು. ಅವನ ಕಾಲರಿನೊಳಗೆ ಮಡಚಿಟ್ಟ ಕರ್ಚೀಫು, ಮುನಿರ್ಕಾದ ಕ್ಷೌರಿಕ ಸೊಟ್ಟಗೆ ಎಳೆದ ಕೂದಲಿನ ಅಂಚು, ಎಡಗಿವಿಯ ಕೆಳಗಿನ ಮಚ್ಚೆ, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು.

"ಸ್ವಾಮಿ, ಒಂದ್ಸಲ ನೀನು ಹಿಂದೆ ಕೂತ್ಕೋ ನಾ," ಎಂದಿದ್ದಳು ಒಮ್ಮೆ ಹೋಗುವಾಗ. ದೇಶದ ರಾಜಧಾನಿಯಲ್ಲೇ, ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಯ ಕೈ ಹಿಡಿಯುತ್ತಿತ್ತು. "ತುಮ್ಹಾರಿ ಗರ್ದನ್ ನೋಡಿ ನೋಡಿ ಬೋರ್ ಆಗ್ತಿದೆ."

"ಬೇಡ."

"ಕ್ಯೂಂ?"

"ಹಿಂದೆ ಕೂತ್ರೆ ಕಣ್ಣು ನಿನ್ನ ಮೇಲೇ ಇರುತ್ತೆ. ಆಮೇಲೆ ನೋಡಿ ಬಂದಿದ್ದೆಲ್ಲ ಮರೆತುಹೋಗುತ್ತೆ." ಚಿತ್ರದುರ್ಗದಿಂದ ಎಂ.ಎ. ಮಾಡಲು ಬಂದು ಇಲ್ಲೇ ಉಳಿದ ಹುಡುಗ ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದ. ಅವನ ಕಿವಿ ಕೆಂಪಾದದ್ದನ್ನು ಅವಳು ನೋಡಿದಳು. ಅದರಾಚೆಗೆ ಅವರಿಬ್ಬರೂ ಏನನ್ನೂ ಹೇಳಿಕೊಂಡಿರಲಿಲ್ಲ. ಹೇಳದೆ ಇರುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು.

ಮಾಹಿತಿ ಹಕ್ಕಿನ ಕಾನೂನು ಬಂದು ಎರಡು ವರ್ಷವಾಗಿತ್ತು. ಮುನಿರ್ಕಾದ ಬಾಡಿಗೆ ಮನೆಯಲ್ಲಿ, ಅಡುಗೆಮನೆಯಲ್ಲೇ ಫೈಲು ಜೋಡಿಸಿಕೊಂಡು ನಾಲ್ಕೇ ಜನ ಶುರುಮಾಡಿದ ಸಂಸ್ಥೆ ನೋಡನೋಡುತ್ತ ಬೆಳೆಯಿತು. ದೊಡ್ಡ ಪ್ರತಿಷ್ಠಾನವೊಂದು ನೆರವು ಕೊಟ್ಟಿತು. ಆಫೀಸು ಇಂದಿರಾಪುರಂನ ಹೊಸ ಕಟ್ಟಡಕ್ಕೆ ಹೋಯಿತು. ಗಾಜಿನ ಕ್ಯಾಬಿನ್ ಬಂತು, ಕೊರಳಿಗೆ ಐಡಿ ಕಾರ್ಡು ಬಂತು, ಯಾರು ಯಾರೆಂದು ತಿಳಿಯದಷ್ಟು ಹೊಸ ಮುಖಗಳು ಬಂದವು. ಸಂಸದರ ಕಡೆಯವರ ಫೋನುಗಳೂ ಬರತೊಡಗಿದವು, ಮೊದಲು ಮೆತ್ತಗೆ, ಆಮೇಲೆ ಬೇರೆ ಥರ. ಇದನ್ನೆಲ್ಲ ನಿಭಾಯಿಸಲು ಗುರ್‌ಗಾಂವ್‌ನ ಕಂಪನಿಯೊಂದರಿಂದ ಮಂಗಳೂರಿನ ಅನೀಶ್ ಮ್ಯಾನೇಜರ್ ಆಗಿ ಬಂದ. ಒಳ್ಳೆಯವನೇ, ಆದರೆ ಎಲ್ಲವನ್ನೂ ಅಂಕಿಗಳಲ್ಲಿ ನೋಡುವ ಮನುಷ್ಯ.

"ನಿಮ್ಮಿಬ್ಬರದು ಯಾವಾಗಲೂ ಮ್ಯಾಚ್ ಆಗುತ್ತೆ," ಎಂದ ಅವನು ಒಂದು ದಿನ ಇಬ್ಬರನ್ನೂ ನಿಲ್ಲಿಸಿಕೊಂಡು. "ಬೇರೆ ಯಾವ ಜೋಡೀದೂ ಹೀಗಾಗಲ್ಲ. ಬಸ್ಸಲ್ಲಿ ಮಾತಾಡ್ಕೊಂಡು ಬರ್ತಾರೆ ಅಂತ ಹೊರಗಿನವರು ಅಂದ್ರೆ ನಾನೇನು ಹೇಳ್ಲಿ? ಮುಂದಿನ ತಿಂಗಳು ಜೋಡಿ ಬದಲಾಯಿಸ್ತೀನಿ. ತಿಪ್ಪೇಸ್ವಾಮಿ ಲಖನೌಗೆ ಹೋಗಲಿ, ಅಲ್ಲಿ ಹೊಸ ಆಫೀಸ್ ತೆಗೀತಿದ್ದೀವಿ."

ಪ್ರಕೃತಿಗೆ ಆ ಮಧ್ಯಾಹ್ನ ಅನ್ನ ಇಳಿಯಲಿಲ್ಲ. ತಿಪ್ಪೇಸ್ವಾಮಿ ಚಹಾದ ಲೋಟ ಹಿಡಿದು ನಿಂತೇ ಇದ್ದ, ಚಹಾ ತಣ್ಣಗಾಯಿತು.

ಅದೇ ವಾರ ಫರೀದಾಬಾದ್‌ಗೆ ಹೋದರು. ಮೇ ತಿಂಗಳ ಬಿಸಿಲು. ಕಾರ್ಖಾನೆಗಳ ಸಾಲಿನ ಮುಂದೆ ಹೊಸದಾಗಿ ಕಟ್ಟಿದ ಬಸ್ ತಂಗುದಾಣವನ್ನು ನೋಡಬೇಕಿತ್ತು. ತಂಗುದಾಣವೇನೋ ಇತ್ತು. ನೀಲಿ ಬಣ್ಣ, ಮೇಲೆ ಸಂಸದರ ಹೆಸರಿನ ಹೊಳೆಯುವ ಬೋರ್ಡು. ಆದರೆ ತಗಡಿನ ಮಾಡು ಜರಡಿಯಾಗಿತ್ತು, ಬಿಸಿಲು ತೂತುಗಳಿಂದ ಕೆಳಗಿಳಿದು ಹೆಂಗಸರ ತಲೆಯ ಮೇಲೆ ಬೀಳುತ್ತಿತ್ತು. ಹಳೆಯದಕ್ಕೇ ಬಣ್ಣ ಬಳಿದಿದ್ದರು. ಊಟದ ಡಬ್ಬಿ ಹಿಡಿದು ಪಾಳಿ ಮುಗಿಸಿ ಬಂದ ಹೆಂಗಸೊಬ್ಬಳು ಪ್ರಕೃತಿಯ ತೋಳು ಹಿಡಿದು, "ಬೇಟೀ, ನಮ್ಮದೂ ಬರೆದುಕೋ," ಎಂದು ಹಿಂದಿಯಲ್ಲಿ ಕೇಳಿಕೊಂಡಳು.

ಆಚೆ ಕಂಬದ ಹತ್ತಿರ ತಿಪ್ಪೇಸ್ವಾಮಿ ಹೆಬ್ಬೆರಳಿನ ಉಗುರಿನಿಂದ ನೀಲಿಯನ್ನು ಕೆರೆಯುತ್ತಿದ್ದ. ಒಳಗಿನಿಂದ ಹಸಿರು ಬಂತು, ಹಸಿರಿನ ಒಳಗೆ ತುಕ್ಕು. ನೋಡಬಾರದಿತ್ತು, ಆದರೂ ನೋಡಿಬಿಟ್ಟಳು. ಬರುವಾಗ ಬದರ್‌ಪುರದ ತನಕ ಅವನ ಕತ್ತಿನ ಮೇಲೆ ಬೆವರು ಇಳಿಯುತ್ತಲೇ ಇತ್ತು. ಅವನು ಕರ್ಚೀಫು ತೆಗೆಯಲಿಲ್ಲ.

ಮರುದಿನ ಅನೀಶ್ ನಗುನಗುತ್ತ ಪ್ರಕೃತಿಯ ಹತ್ತಿರ ಬಂದ. "ಗುಡ್. ತಂಗುದಾಣದ ವಿಷಯದಲ್ಲಿ ನಿಮ್ಮಿಬ್ಬರದೂ ಬೇರೆ ಬಂದಿದೆ. ತಿಪ್ಪೇಸ್ವಾಮಿ ಹೊಸದು ಅಂದ್ರು, ನೀವು ಹಳೇದು ಅಂದ್ರಿ. ಅದನ್ನ ವರದಿಯಿಂದ ಬಿಟ್ಟಿದ್ದೀನಿ. ನನ್ನ ಅನುಮಾನ ಹೋಯ್ತು. ಜೋಡಿ ಹಾಗೇ ಇರಲಿ."

ಪ್ರಕೃತಿ ತಿಪ್ಪೇಸ್ವಾಮಿಯನ್ನು ಮೆಟ್ಟಿಲ ಹತ್ತಿರ ಹಿಡಿದಳು.

"ಹೊಸದಾ ಅದು?"

"ನನಗೆ ಹಾಗೆ ಕಾಣಿಸ್ತು."

"ನಿನ್ನ ಉಗುರಲ್ಲಿ ಹಸಿರು ಬಣ್ಣ ಇತ್ತು, ಸ್ವಾಮಿ. ನಾನು ನೋಡಿದೆ."

ಅವನು ಕೈಯನ್ನು ಜೇಬಿಗೆ ಹಾಕಿದ. ಚಿಕ್ಕ ಮಗು ಕದ್ದದ್ದನ್ನು ಮುಚ್ಚಿಡುವಂತೆ ಇತ್ತು ಅದು. ಅವಳಿಗೆ ಅಳು ಬಂತು, ಅಳುವಿಗಿಂತ ಮೊದಲು ಸಿಟ್ಟು ಬಂತು.

"ಯಾರು ಫೋನ್ ಮಾಡಿದ್ರು ನಿನಗೆ? ಏನು ಕೊಡ್ತೀನಿ ಅಂದ್ರು?"

ತಿಪ್ಪೇಸ್ವಾಮಿ ತಲೆ ಎತ್ತಿದ. ಅವಳು ಅವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಕಡಿಮೆ. ಅದು ಹೀಗೆ ಬಿಳಿಚಿಕೊಳ್ಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಯಾರೂ ಮಾಡಿಲ್ಲ," ಎಂದ.

"ಹಾಗಾದ್ರೆ ಹೋಗಿ ಮೇಡಂಗೆ ನಿಜ ಹೇಳು. ಆ ಹೆಂಗಸರು ನಮ್ಮನ್ನ ನಂಬಿದ್ದಾರೆ."

ಹೇಳಿದರೆ ಅವನು ಇಲ್ಲಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು. ಹೇಳಿದ ಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಅವನು ಮೆಟ್ಟಿಲು ಹತ್ತಿ ಹೋಗಿಯಾಗಿತ್ತು.

ಗಾಜಿನ ಕ್ಯಾಬಿನ್ನಿನಲ್ಲಿ ಪದ್ಮಾ ಮೇಡಂ ಮತ್ತು ಅನೀಶ್ ಎದುರು ಕುಳಿತಿದ್ದರು. ಬಾಗಿಲಿಗೆ ಬೆನ್ನು ಹಾಕಿ ತಿಪ್ಪೇಸ್ವಾಮಿ. ಮಾತು ಕೇಳುತ್ತಿರಲಿಲ್ಲ, ಕಾಣುತ್ತಿದ್ದದ್ದು ಅದೇ ಕತ್ತು, ಅದೇ ಸೊಟ್ಟ ಅಂಚು. ಹೊರಗಿನ ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದ ಪ್ರಕೃತಿಗೆ ಇದ್ದಕ್ಕಿದ್ದಂತೆ ಅನೀಶನ ನಗು ನೆನಪಾಯಿತು. ಜೋಡಿ ಹಾಗೇ ಇರಲಿ. ಇಷ್ಟು ದಿನ ಬಾಯಿಬಿಟ್ಟು ಒಂದು ಮಾತು ಹೇಳಲಾರದ ಪೆದ್ದ, ಹೇಳುವ ಬದಲು ಇಂಥ ಕೆಲಸ ಮಾಡಿ ಕೂತಿದ್ದ.

ಅವನು ಹೊರಗೆ ಬಂದ, ಅವಳನ್ನು ಒಳಗೆ ಕರೆದರು. ನಿಯಮದಂತೆ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

"ಸುಳ್ಳು ಹೇಳಿದೆ ಅಂತ ಅವನೇ ಒಪ್ಪಿಕೊಂಡ," ಎಂದರು ಪದ್ಮಾ ಮೇಡಂ. ಆಫೀಸಿನಲ್ಲಿ ಅವರು ಕನ್ನಡ ಮಾತಾಡುವುದು ತೀರಾ ನೊಂದಾಗ ಮಾತ್ರ. "ಯಾಕೆ ಅಂತಾನೂ ಹೇಳಿದ. ಅದನ್ನ ನಾನು ನಿನಗೆ ಹೇಳಲ್ಲ. ನಿನಗೇನು ಗೊತ್ತೋ ಅದನ್ನ ನೀನು ಹೇಳು."

ಅವಳು ತನ್ನ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ನಮ್ಮನ್ನ ಅಲಗ್ ಮಾಡಬಾರದು ಅಂತ, ಮೇಡಂ. ನನ್ನ ಜೊತೇಲೇ ಬರಬೇಕು ಅಂತ ಆಸೆ ಅವನಿಗೆ." ಅವಳು ತಲೆ ಎತ್ತಿದಳು. "ನನಗೂ ಅಷ್ಟೇ ಆಸೆ ಇತ್ತು. ಇದೆ. ನಾನು ಸುಳ್ಳು ಹೇಳಲಿಲ್ಲ, ಅಷ್ಟೇ ಫರಕ್ಕು."

ಅನೀಶ್ ಪೆನ್ನನ್ನು ಮೇಜಿನ ಮೇಲಿಟ್ಟ. "ಮತ್ತೆ ಮ್ಯಾಚ್ ಆಯ್ತು," ಎಂದ ಮೆಲ್ಲಗೆ. ಯಾರೂ ನಗಲಿಲ್ಲ. ಪದ್ಮಾ ಮೇಡಂ ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸುತ್ತಲೇ ಇದ್ದರು. ತಂಗುದಾಣ ವರದಿಗೆ ಸೇರಿತು. ತಿಪ್ಪೇಸ್ವಾಮಿಯ ಐಡಿ ಕಾರ್ಡು ಡ್ರಾಯರಿಗೆ ಸೇರಿತು.

ಮಾನೇಸರ್‌ನ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಧೌಲಾ ಕುಆಂನಲ್ಲಿ ಬಸ್ಸಿಗೆ ಕಾಯುವಾಗ ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಆಂಧಿಯ ದೂಳುಗಾಳಿ ಏಳುವ ಹಾಗಿತ್ತು. ಅವನ ಹತ್ತಿರ ಒಂದು ಹಳೆಯ ಸೂಟ್‌ಕೇಸು, ಒಂದು ಬಕೆಟ್ಟು. ಬಕೆಟ್ಟನ್ನು ಅವಳು ಹಿಡಿದುಕೊಂಡಿದ್ದಳು.

"ಮಾನೇಸರ್ ದೂರ ಏನಲ್ಲ," ಎಂದ.

"ಹೂಂ."

"ನೀನು ಬಾಯಿಬಿಟ್ಟು ಬಯ್ದಿದ್ರೆ ಚೆನ್ನಾಗಿತ್ತು."

"ನನಗೆ ನಿನ್ನ ಮೇಲೆ ಗುಸ್ಸಾ ಇಲ್ಲ, ಸ್ವಾಮಿ. ಅದಕ್ಕಿಂತ ಖರಾಬ್ ಆಗಿದೆ." ಅವಳು ಬಕೆಟ್ಟಿನ ಹಿಡಿಯನ್ನೇ ನೋಡುತ್ತ ಹೇಳಿದಳು. "ಮುಂಚೆ ನೀನು ನೋಡಿ ಬಂದೆ ಅಂದ್ರೆ ನಾನೇ ನೋಡಿದ ಹಾಗೆ ಇರ್ತಿತ್ತು. ಇನ್ಮೇಲೆ ನೀನು ಏನು ಹೇಳಿದ್ರೂ ಇನ್ನೊಂದ್ಸಲ ನೋಡಬೇಕು ಅನ್ನಿಸುತ್ತೆ. ನನ್ನನ್ನ ಪ್ರೀತಿಸ್ತೀನಿ ಅಂದ್ರೂ ಸಹ."

ಅವನು ದೂಳಿಗೆ ಕಣ್ಣು ಕಿರಿದುಮಾಡಿಕೊಂಡು, "ನೋಡು," ಎಂದ. "ಎಷ್ಟು ಸಲ ಬೇಕಾದ್ರೂ ನೋಡು. ನಾನು ಅಲ್ಲೇ ಇರ್ತೀನಿ."

ಬಸ್ಸು ಬಂತು. ಅವಳು ಬಕೆಟ್ಟನ್ನು ಅವನ ಕೈಗೆ ಕೊಟ್ಟಳು. ಅವನ ಬೆರಳು ಅವಳ ಬೆರಳ ಮೇಲೆ ಒಂದು ಗಳಿಗೆ ಉಳಿಯಿತು, ಹಿಂದಿನಿಂದ ಯಾರೋ ತಳ್ಳಿದರು, ಅವನು ಹತ್ತಿದ. ಕಿಟಕಿಯ ಪಕ್ಕದಲ್ಲೇ ಕುಳಿತ. ಮತ್ತದೇ ಕತ್ತು, ಅದೇ ಮಡಚಿಟ್ಟ ಕರ್ಚೀಫು. ಅಷ್ಟು ಪ್ರಯಾಣಗಳಲ್ಲಿ ಒಮ್ಮೆಯೂ ಅವನು ಹಿಂದೆ ತಿರುಗಿದವನಲ್ಲ.

ಬಸ್ಸು ಹೊರಟಿತು. ಗಾಳಿ ಎದ್ದು ರಸ್ತೆಯ ಮಣ್ಣೆಲ್ಲ ಮೇಲೆ ಹಾರಿತು, ಜನ ದುಪಟ್ಟಾ, ಕರ್ಚೀಫುಗಳಿಂದ ಮುಖ ಮುಚ್ಚಿಕೊಂಡರು. ಅಷ್ಟರಲ್ಲಿ ಅವನು ತಿರುಗಿದ. ಇಡೀ ಮುಖವನ್ನು ಕಿಟಕಿಯಿಂದ ಹೊರಗೆ ಹಾಕಿ, ಏನನ್ನೂ ಬಚ್ಚಿಡದೆ, ಅವಳನ್ನೇ ನೋಡಿದ. ಕಣ್ಣಿಗೆ ಮಣ್ಣು ಬಿದ್ದರೂ ಪ್ರಕೃತಿ ಮುಖ ಮುಚ್ಚಿಕೊಳ್ಳಲಿಲ್ಲ. ಬಸ್ಸು ಮರೆಯಾಗುವ ತನಕ ನೋಡಿದಳು.