ಭಾನುವಾರದ ಅಲೆ ಮೊಣಕಾಲೆತ್ತರ

"ಆ ದನಿ... ನೀವೇನಾ?"

ಬಾಗಿಲಲ್ಲಿ ನಿಂತವನು ಕೇಳಿದ್ದು ಇಷ್ಟೇ. ಅವಳು ಮುಂದಿನ ಮೂರು ದಿನದ ಅಲೆ, ಗಾಳಿ, ಸೆಳೆತ ಎಲ್ಲ ಓದಿ ಮುಗಿಸಿ, ಮೈಕ್ ಆರಿಸಿ, ನೀರಿನ ಲೋಟಕ್ಕೆ ಕೈ ಚಾಚಿದ್ದಳು.

ಅವನ ಮೈಮೇಲೆ ಲೈಫ್‌ಗಾರ್ಡ್‌ಗಳ ಹಳದಿ ಅಂಗಿ. ಪ್ಯಾಂಟಿನ ಅಂಚಿಗೆ ಹಸಿ ಮರಳು. ಕಣ್ಣು ಕೆಂಪಾಗಿದ್ದದ್ದು ಸಮುದ್ರದ ಉಪ್ಪಿನಿಂದಲೋ ಬೇರೆ ಉಪ್ಪಿನಿಂದಲೋ ಹೇಳುವುದು ಕಷ್ಟವಿತ್ತು.

"ಹೌದು... ಯಾರು ಬೇಕಿತ್ತು?"

"ನೀವೇ."

ಹವಾಮಾನ ಕಚೇರಿ ಇದ್ದದ್ದು ದಡದ ಮೇಲಿನ ದಿಬ್ಬದಲ್ಲಿ. ಅಲ್ಲಿಂದ ಹೊರಟ ದನಿ ಮರಳಿನುದ್ದಕ್ಕೂ ನೆಟ್ಟ ಕಂಬಗಳ ಸ್ಪೀಕರುಗಳಲ್ಲಿ ದಿನಾ ಬೆಳಿಗ್ಗೆ ಕೇಳುತ್ತಿತ್ತು. ಮುಖ ಕಾಣದ ದನಿಗೆ ಜನ ತಾವೇ ಒಂದು ಆಕಾರ ಹೊಲಿದು ಕೊಡುತ್ತಾರೆ. ದಡದವರ ಲೆಕ್ಕದಲ್ಲಿ ಈಕೆ ಎತ್ತರದ, ಗಂಭೀರ ಹೆಂಗಸು. ನಿಜದಲ್ಲಿ ಮೈಕ್ ಎಟುಕಬೇಕಾದರೆ ಅವಳ ಕುರ್ಚಿಯ ಮೇಲೆ ಒಂದು ಹಳೆಯ ದಿಂಬು ಇರಬೇಕಿತ್ತು.

ಅಲೆಯನ್ನು ಮೀಟರಿನಲ್ಲಿ ಹೇಳುವ ಪದ್ಧತಿಯನ್ನು ಬಿಡಿಸಿದವಳೂ ಅವಳೇ. ಮೊಣಕಾಲೆತ್ತರ, ಸೊಂಟದೆತ್ತರ, ತಲೆಯೆತ್ತರ. ಹಿರಿಯ ಅಧಿಕಾರಿ ಮುಖ ಸಿಂಡರಿಸಿದಾಗ, ಮೀಟರು ಯಾರ ಮೈಮೇಲೂ ಇಲ್ಲ ಸರ್, ಮೊಣಕಾಲು ಎಲ್ಲರಿಗೂ ಇದೆ ಎಂದಿದ್ದಳು. ಆ ಮಾತಿನ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

"ಭಾನುವಾರ ಮುಳುಗಿದವನು ನನ್ನ ತಮ್ಮ," ಅಂದ ಅವನು.

ಅವಳ ಕೈ ಲೋಟದ ಮೇಲೇ ನಿಂತಿತು.

ಸುದ್ದಿ ದಿಬ್ಬಕ್ಕೂ ಬಂದಿತ್ತು. ಸರ್ಫಿಂಗ್ ಕಲಿಸುತ್ತಿದ್ದ ಹುಡುಗ. ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮರಳ ಮೇಲೆ ಓರೆಯಾಗಿ ನಡೆಯುತ್ತಿದ್ದನೆಂದು ಎಲ್ಲರೂ 'ಏಡಿ' ಎಂದು ಕರೆಯುತ್ತಿದ್ದರು. ನೀರಿನಲ್ಲಿ ಮಾತ್ರ ನೆಟ್ಟಗೆ ಹೋಗುತ್ತಿದ್ದನಂತೆ.

ಲೈಫ್‌ಗಾರ್ಡ್ ದನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

"ಮೊಣಕಾಲೆತ್ತರ ಅಂದ್ರಿ ನೀವು. ಬಂಡೆ ಹತ್ರ ಅಲೆ ನನ್ನ ತಲೆ ಮೇಲಿತ್ತು. ಅವನನ್ನ ಹೊರಗೆ ತಂದವನು ನಾನೇ. ಅಳತೆ ತಪ್ಪಿರಲಿಕ್ಕಿಲ್ಲ."

ಅವಳು ತೊದಲುತ್ತಾ ವಿವರಿಸಿದಳು. ಶುಕ್ರವಾರ ಹಾಗೆ ಹೇಳಿದ್ದು ನಿಜ. ಆದರೆ ಶನಿವಾರ ನಡುಗಡಲಿನಲ್ಲಿ ಬಿರುಗಾಳಿ ಎದ್ದಿತ್ತು, ಮಾಪಕಗಳು ಬೇರೆಯೇ ಕಥೆ ಹೇಳಿದ್ದವು. ಸಂಜೆಯೇ ಬದಲಾಯಿಸಿದ್ದಳು. ಭಾನುವಾರ ಬೆಳಿಗ್ಗೆ ಮತ್ತೆ ಓದಿದ್ದಳು: ತಲೆಯೆತ್ತರ, ಸೆಳೆತ ಜೋರು, ಯಾರೂ ಇಳಿಯಬೇಡಿ.

"ನನ್ನ ತಮ್ಮನ ಕಿವಿ ಚೆನ್ನಾಗಿತ್ತು. ಸುಳ್ಳು ಹೇಳೋ ಅಭ್ಯಾಸ ಇರಲಿಲ್ಲ. ಬೆಳಿಗ್ಗೆ ನಿಮ್ಮ ಬಾಯಿಂದಲೇ ಕೇಳಿದೆ ಅಂದ."

ಅಷ್ಟರಲ್ಲಿ ಹಿರಿಯ ಅಧಿಕಾರಿ ಚಹಾದ ಲೋಟ ಹಿಡಿದು ಒಳಗಿನಿಂದ ಬಂದರು. ಆಗಬಾರದ್ದು ಆಯಿತು ಎಂದರು. ಇಲಾಖೆಯ ಕಡೆಯಿಂದ ಸಂತಾಪ ಎಂದರು. ಮುನ್ಸೂಚನೆಯ ಪ್ರತಿ ಕಡತದಲ್ಲಿದೆ, ಅಕ್ಷರ ಅಕ್ಷರವೂ ಸರಿಯಾಗಿದೆ, ಬೇಕಾದರೆ ತೋರಿಸುತ್ತೇನೆ ಎಂದರು.

ಅವನು ಅವರನ್ನು ಒಂದು ಕ್ಷಣ ನೋಡಿದ.

"ನಿಮ್ಮ ಕಾಗದಕ್ಕೆ ಈಜು ಬರುತ್ತಾ ಸರ್?"

ಹೊರಟುಹೋದ. ಹೊಸ್ತಿಲ ಮೇಲೆ ಅವನ ಪಾದದ ಮರಳು ಉಳಿಯಿತು. ಆ ದಿನ ಅವಳು ಅದನ್ನು ಗುಡಿಸಗೊಡಲಿಲ್ಲ.

*

ಕಾಗದ ಸರಿಯಾಗಿತ್ತು. ಅವಳೇ ಬರೆದದ್ದು. ಆದರೆ ಓದಿದ್ದು?

ಮೈಕಿನಲ್ಲಿ ಆಡಿದ್ದನ್ನು ಕಚೇರಿ ಎಲ್ಲೂ ಹಿಡಿದಿಡುತ್ತಿರಲಿಲ್ಲ. ಬರೆದದ್ದು ಕಡತಕ್ಕೆ, ಆಡಿದ್ದು ಗಾಳಿಗೆ. ಆ ಬೆಳಿಗ್ಗೆ ಅವಳಿಗೆ ನಿದ್ದೆ ಸಾಲದಾಗಿತ್ತು. ಎರಡು ವರ್ಷದಿಂದ ಮೊಣಕಾಲೆತ್ತರ ಎಂದು ಎಷ್ಟು ಸಲ ಹೇಳಿದ್ದಳೋ. ಕಣ್ಣು ತಲೆಯೆತ್ತರ ಎಂದು ಓದುತ್ತಿದ್ದಾಗ ನಾಲಿಗೆ ತನ್ನ ಹಳೆಯ ದಾರಿಯಲ್ಲೇ ನಡೆದುಬಿಟ್ಟಿದ್ದರೆ...

'ನನ್ನ ನಾಲಿಗೆ ಒಬ್ಬನನ್ನು ಕೊಂದಿತಾ?'

ಮರುದಿನ ಮೈಕಿನ ಮುಂದೆ ಕೂತಾಗ ಬಾಯಿ ತೆರೆಯಲಿಲ್ಲ. ಪಕ್ಕದ ಮೇಜಿನ ಸಹೋದ್ಯೋಗಿ ಎದ್ದು ಬಂದು ಓದಿದ. ದಶಾಂಶ ಸಮೇತ, ಮೀಟರಿನಲ್ಲಿ. ಬ್ಯಾಂಕಿನಲ್ಲಿ ಟೋಕನ್ ಕೂಗುವ ಯಂತ್ರಕ್ಕೂ ಅವನಿಗಿಂತ ಹೆಚ್ಚು ಮಮಕಾರವಿರುತ್ತದೆ. ಅಧಿಕಾರಿಗೆ ಮಾತ್ರ ಬಹಳ ಸಮಾಧಾನವಾಯಿತು.

ಮನೆಯಲ್ಲಿ ಅವಳನ್ನು ಬೆಳೆಸಿದ ಚಿಕ್ಕಮ್ಮ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಬಾಯಿ ಬಿಟ್ಟರು. ಊಟ ಬಿಟ್ಟರೆ ಹೋದವನು ಎದ್ದು ಬರುತ್ತಾನೇನು ಎಂದರು. ಏನು ಓದಿದೆನೋ ನನಗೇ ಗೊತ್ತಿಲ್ಲ ಎಂದಳು ಅವಳು.

"ಕೇಳಿದವರನ್ನ ಹೋಗಿ ಕೇಳು."

"ಕೇಳಿದವನು ಇಲ್ಲ ಚಿಕ್ಕಮ್ಮ."

"ಅವನ ಬಾಯಿಂದ ಕೇಳಿದವನು ಇದಾನಲ್ಲೇ. ಗೋಡೆಗೆ ಮುಖ ಮಾಡಿ ಕೂತ್ರೆ ಗೋಡೆ ಹೇಳುತ್ತಾ?"

ಎರಡು ವರ್ಷ ಈ ಸಮುದ್ರದ ಮಾತಾಡಿದ್ದಳು. ಮರಳಿಗೆ ಕಾಲಿಟ್ಟದ್ದು ಬೆರಳೆಣಿಕೆಯಷ್ಟು ಸಲ. ಈಗ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದಳು. ದಾರಿಯಲ್ಲಿ ಚಹಾದಂಗಡಿಯವನನ್ನು ಕೇಳಿದಳು, ಭಾನುವಾರ ಮೈಕಿನಲ್ಲಿ ಏನು ಹೇಳಿದರು ಎಂದು. ಅವನು ತಲೆ ಕೆರೆದುಕೊಂಡ.

"ದಿನಾ ಕೇಳ್ತೀವಮ್ಮ, ಫ್ಯಾನ್ ಸದ್ದಿನ ಹಾಗೆ. ನಿಂತುಹೋದಾಗಲೇ ಗೊತ್ತಾಗೋದು." ಆಮೇಲೆ ಅವಳ ಮುಖವನ್ನೇ ದಿಟ್ಟಿಸಿದ. "ನೀವು... ಅವರಾ? ಇಷ್ಟೇ ಇದೀರಾ?"

ಲೈಫ್‌ಗಾರ್ಡ್ ತನ್ನ ಗುಡಿಸಲಿನ ಮೆಟ್ಟಿಲ ಮೇಲೆ ಕೂತು ಗಾಳಿಗೆ ಹರಿದ ಕೆಂಪು ಬಾವುಟದ ಅಂಚು ಹೊಲಿಯುತ್ತಿದ್ದ. ಅವಳನ್ನು ಕಂಡರೂ ಸೂಜಿ ನಿಲ್ಲಲಿಲ್ಲ.

"ನಿಮ್ಮ ತಮ್ಮ ಏನಂದ್ರು? ಇದ್ದ ಹಾಗೇ ಹೇಳಿ. ನಾನು ತಪ್ಪು ಓದಿದ್ರೆ ನನಗೆ ಗೊತ್ತಾಗಬೇಕು."

ಅವನು ಬಾವುಟಕ್ಕೆ ಹೇಳುವವನಂತೆ ಹೇಳಿದ. ಅಣ್ಣತಮ್ಮ ಇಬ್ಬರಿಗೂ ಈ ಗುಡಿಸಲಿನ ಹಿಂದಿನ ಒಂದೇ ಕೋಣೆ. ಮೈಕಿನ ಮಾತು ಮುಗಿದ ಮೇಲೆ ಬಾವುಟ ಏರಿಸುವುದು ತನ್ನ ಕೆಲಸ. ಭಾನುವಾರ ಮಾತ್ರ ತಾನಿನ್ನೂ ಹಾಸಿಗೆಯಲ್ಲಿದ್ದ. ತಮ್ಮ ಬಂದು ಹೊದಿಕೆ ಎಳೆದ.

"ಏಳೋ ಅಣ್ಣಾ, ನಿನ್ನ ಮೈಕ್ ಹುಡುಗಿಗೆ ನೆಗಡಿ ಆಗಿದೆ, ಅಂದ. ಭಾನುವಾರದ ಅಲೆ ಮೊಣಕಾಲೆತ್ತರ ಅನ್ನುವಾಗ ಸೀನಿಬಿಟ್ಲು ಅಂತ ನಕ್ಕ. ಅಷ್ಟೇ. ಹೋದ."

'ನಿನ್ನ ಮೈಕ್ ಹುಡುಗಿ' ಎಂಬ ಮಾತು ಅವಳನ್ನು ಮುಟ್ಟಿ ಮುಂದೆ ಹೋಯಿತು. ಕೈ ಹಿಡಿದು ನಿಲ್ಲಿಸಿದ್ದು ಇನ್ನೊಂದು.

"ಸೀನಿದೆನಾ?"

"ಹಾಗಂದ."

"ನಾನು ಮೈಕಿನಲ್ಲಿ ಸೀನಿದ್ದು ಒಂದೇ ಸಲ. ಶುಕ್ರವಾರ. ಇಲಾಖೆಗೆ ನೆಗಡಿ ಆಗೋ ಹಾಗಿಲ್ಲ ಅಂತ ಅಧಿಕಾರಿ ಬೈದರು. ಹಾಗಾಗಿ ಚೆನ್ನಾಗಿ ನೆನಪಿದೆ. ಭಾನುವಾರ ಅಲ್ಲ. ಶುಕ್ರವಾರ."

ಎದೆಯೊಳಗೆ ಏನೋ ಹಗುರಾಯಿತು, ನಾನು ತಪ್ಪು ಓದಲಿಲ್ಲ ಎಂದು. ಸತ್ತವನ ಮನೆಯ ಮೆಟ್ಟಿಲ ಮುಂದೆ ನಿಂತು ಹಗುರಾದದ್ದಕ್ಕೆ ಅವಳಿಗೆ ತಕ್ಷಣ ನಾಚಿಕೆಯಾಯಿತು.

ಆದರೆ ಶುಕ್ರವಾರದ ಸೀನು ಭಾನುವಾರ ಹೇಗೆ ಕೇಳಿಸಿತು?

ತಲೆಯೆತ್ತಿ ನೋಡಿದಳು. ಸೂಜಿ ಅವನ ಹೆಬ್ಬೆರಳಿಗೆ ಇಳಿದಿತ್ತು. ಅವನಿಗೆ ಅದರ ಪರಿವೆ ಇರಲಿಲ್ಲ.

"ಶುಕ್ರವಾರ," ಅಂದ. ಬಾವುಟವನ್ನು ಮೆಟ್ಟಿಲ ಮೇಲೆ ಇಟ್ಟ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

*

ಅದಾದ ಮೇಲೆ ಅವನು ಕಾಣಲಿಲ್ಲ. ಬೇರೆ ಯಾರೋ ಬಾವುಟ ಏರಿಸುತ್ತಿದ್ದರು. ಅಮ್ಮನ ಮನೆಗೆ ಹೋಗಿದ್ದಾನಂತೆ ಎಂದ ಚಹಾದಂಗಡಿಯವನು.

ಆ ವಾರದ ಕೊನೆಗೆ ಸಮುದ್ರ ಮತ್ತೆ ಕೆಟ್ಟಿತು. ಭಾನುವಾರದ್ದಕ್ಕಿಂತ ದೊಡ್ಡ ಬಿರುಗಾಳಿ ದೂರದಲ್ಲಿ ಎದ್ದು, ಅದರ ಅಲೆಗಳು ಸಾಲುಗಟ್ಟಿ ದಡದ ಕಡೆ ಹೊರಟಿದ್ದವು. ಮೂರು ದಿನ ಬಿಡುವುದಿಲ್ಲ. ಲೆಕ್ಕ ಮಾಡಿ ಬರೆದವಳು ಅವಳೇ, ಓದಿದವನು ಸಹೋದ್ಯೋಗಿ. "ಮೂರು ಪಾಯಿಂಟ್ ಆರು ಮೀಟರ್," ಎಂದು ಕಂಬಗಳು ನುಡಿದವು. ಆಕಾಶ ನೀಲಿಯಾಗಿತ್ತು, ರಜೆಯ ದಿನ, ಬಿಸಿಲು ಹದವಾಗಿತ್ತು. ಜನ ಪಾಯಿಂಟ್ ಆರನ್ನು ಕೇಳಿಸಿಕೊಂಡು ನೀರಿಗಿಳಿದರು.

ಅವಳು ಕಿಟಕಿಯಿಂದ ನೋಡುತ್ತಿದ್ದಾಗ ಬಾಗಿಲಲ್ಲಿ ಲೈಫ್‌ಗಾರ್ಡ್.

"ಇಳೀತಾ ಇದಾರೆ. ಸೀಟಿ ಊದಿದ್ರೆ ಕೈ ಬೀಸಿ ನಗ್ತಾರೆ. ನೀವು ಹೇಳಿ."

"ನನ್ನ ಕೈಲಿ ಆಗಲ್ಲ."

ಅವನು ಒಳಗೆ ಬಂದು ಮೇಜಿನ ಮೇಲೆ ಫೋನ್ ಇಟ್ಟು ಒತ್ತಿದ.

*...ಭಾನುವಾರದ ಅಲೆ ಮೊಣಕಾಲೆತ್ತರ, ಕಲಿಯುವವರಿಗೆ...* ಒಂದು ಸೀನು. *ಕ್ಷಮಿಸಿ. ಕಲಿಯುವವರಿಗೆ ಒಳ್ಳೆಯ ದಿನ.*

ಅವಳದೇ ದನಿ. ಹಿನ್ನೆಲೆಯಲ್ಲಿ ಕಾಗೆಯ ಕೂಗು. ಕಂಬದ ಕೆಳಗೆ ನಿಂತು ಹಿಡಿದದ್ದು.

"ಅಲಾರಂ," ಅಂದ ಅವನು. "ಶುಕ್ರವಾರ ಹಿಡಿದದ್ದನ್ನ ಶನಿವಾರ ರಾತ್ರಿ ಇಟ್ಕೊಂಡೆ. ಗಂಟೆ ಸದ್ದಿನ ಬದಲು. ಭಾನುವಾರ ಹೊಡೀತು, ಆರಿಸಿ ಮತ್ತೆ ಮಲಗಿದೆ. ಅವನು ಬಾಗಿಲ ಹೊರಗೆ ಹಲಗೆಗೆ ಮೇಣ ತಿಕ್ತಾ ಇದ್ದ. ಕಂಬದ್ದು ಅಂದ್ಕೊಂಡ. ನಿಜವಾದ್ದು ಶುರುವಾಗೋ ಹೊತ್ತಿಗೆ ಅವನು ಬಂಡೆ ದಾಟಿದ್ದ."

ಅವಳು ಫೋನನ್ನು ಅವನ ಕಡೆ ಸರಿಸಿದಳು.

"ನೀವು ಕೊಂದ್ರಿ ಅಂತ ಹೇಳೋಕೆ ಬಂದಿದ್ದೆ ಅವತ್ತು. ಜೇಬಲ್ಲಿ ಇದೇ ಫೋನ್ ಇತ್ತು. ಅಮ್ಮನಿಗೆ ಎಲ್ಲ ಹೇಳಿದೆ. ಅಲಾರಂ ಇಟ್ಟಿದ್ದಕ್ಕೆ ಬೈಲಿಲ್ಲ. ಆರಿಸಿ ಮತ್ತೆ ಮಲಗಿದ್ದಕ್ಕೆ ಬೈದ್ಲು. ಇನ್ನೂ ಮಾತಾಡ್ತಾ ಇಲ್ಲ."

"ಯಾಕೆ ಇಟ್ಕೊಂಡ್ರಿ?"

"ಸೀನಿ ಕ್ಷಮಿಸಿ ಅಂದ್ರಲ್ಲ... ಅಷ್ಟು ಜನಕ್ಕೆ ಅಂದಿದ್ದು. ನನಗೊಬ್ಬನಿಗೇ ಅಂದ ಹಾಗಿತ್ತು."

ಇಂಥ ಮಾತು ಕೇಳಬೇಕೆಂದು ಯಾವ ಹೆಣ್ಣಿಗೆ ಆಸೆಯಿರುವುದಿಲ್ಲ? ಆದರೆ ಅದು ಬಂದದ್ದು ಒಂದು ಸಾವನ್ನು ಹೊತ್ತುಕೊಂಡು. ತೆಗೆದುಕೊಳ್ಳಲೂ ಆಗದು, ತಿರುಗಿಸಿ ಕೊಡಲೂ ಆಗದು. ಅವಳ ಕಣ್ಣು ತುಂಬಿತು. ಕಿಟಕಿಯಾಚೆ ಯಾರೋ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗೆ ನಡೆಯುತ್ತಿದ್ದರು.

ಅವಳು ಕಣ್ಣೊರೆಸಿಕೊಂಡಳು.

"ಅಳೋದು ಆಮೇಲೆ ಅಳೋಣ. ನೀವು ಕೆಳಗೆ ಓಡಿ."

ದಿಂಬಿನ ಮೇಲೆ ಕೂತಳು. ಸಹೋದ್ಯೋಗಿ ತಾನಾಗಿಯೇ ಜಾಗ ಬಿಟ್ಟ. ಒಳಗಿನಿಂದ ಅಧಿಕಾರಿ ಏನೋ ಹೇಳಲು ಬಂದು, ಅವಳ ಮುಖ ನೋಡಿ, ಹಾಗೇ ಚಹಾ ಕುಡಿದರು.

"ದಿನಾ ಕೇಳ್ತಿದ್ರಲ್ಲ, ಅವಳೇ ಮಾತಾಡ್ತಾ ಇರೋದು," ಎಂದವು ಕಂಬಗಳು. "ಇದು ಈಗ ಹೇಳ್ತಾ ಇರೋ ಮಾತು. ಹಳೇದಲ್ಲ. ಇವತ್ತು, ನಾಳೆ, ನಾಡಿದ್ದು ಅಲೆ ಎರಡಾಳೆತ್ತರ. ಇನ್ನೂ ಬಂದಿಲ್ಲ, ಬರ್ತಾ ಇದೆ. ಮಗುನ ಹೆಗಲ ಮೇಲೆ ಕೂರಿಸಿಕೊಂಡಿದೀರಲ್ಲ, ಅದರ ತಲೆ ಮೇಲೂ ಇನ್ನೊಂದು ಮಾರು. ದಯವಿಟ್ಟು ಮೇಲೆ ಬನ್ನಿ."

ದಡದಲ್ಲಿ ನಗು ನಿಂತಿತು. ಮಗುವನ್ನು ಹೊತ್ತವನು ಕಂಬದ ಕಡೆ ನೋಡಿ, ತಿರುಗಿ ನಡೆದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಲೈಫ್‌ಗಾರ್ಡ್ ಹೊಲಿದ ಬಾವುಟ ಮೇಲೇರಿತು. ಜನ ಮೇಲೆ ಬಂದು ಇನ್ನೂ ಮೈ ಒಣಗಿರಲಿಲ್ಲ, ಮೊದಲ ಸಾಲು ಬಂದು ಬಂಡೆಯನ್ನು ಮುಳುಗಿಸಿತು.

ಅವಳು ಮೈಕ್ ಆರಿಸಿದಳು. ಆಮೇಲೆ ಅತ್ತಳು.

*

ಮೂರು ದಿನದ ಅಲೆ ಇಳಿಯಿತು. ಒಂದು ತಿಂಗಳು ಕಳೆಯಿತು. ತಾಯಿ ಮಗನ ಜೊತೆ ಮತ್ತೆ ಮಾತಾಡತೊಡಗಿದರು. ಮೊದಲ ಮಾತು, ತಲೆಗೂದಲು ಕತ್ತರಿಸಿಕೋ ಎಂದು. ಏಡಿಯ ಹಲಗೆ ಗುಡಿಸಲಿನ ಗೋಡೆಗೆ ಒರಗಿಕೊಂಡೇ ಇತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಸಂಜೆ ಕಚೇರಿ ಮುಗಿದ ಮೇಲೆ ಅವಳು ಇಳಿದು ಬಂದು ಆ ಮೆಟ್ಟಿಲ ಮೇಲೆ ಕೂರುವುದು ಚಹಾದಂಗಡಿಯವನಿಗೆ ರೂಢಿಯಾಗಿತ್ತು. ಕೇಳದೆಯೇ ಎರಡು ಲೋಟ ಕಳಿಸುತ್ತಿದ್ದ. ಇಬ್ಬರೂ ಮಾತಾಡಿದ್ದಕ್ಕಿಂತ ಸುಮ್ಮನೆ ಕೂತದ್ದೇ ಹೆಚ್ಚು.

ಆ ಸಂಜೆ ಅವನು ಫೋನ್ ತೆಗೆದು ಅವಳ ಕೈಗೆ ಕೊಟ್ಟ.

"ಅದು ಇನ್ನೂ ಇದರಲ್ಲೇ ಇದೆ. ಅಳಿಸೋಕೆ ಹೋದ್ರೆ, ಅವನು ಕೊನೆಗೆ ಕೇಳಿ ನಕ್ಕಿದ್ದು ಅದೇ ಅಂತ ಅನ್ಸುತ್ತೆ. ಇಟ್ಕೊಂಡ್ರೆ..."

ಅವಳು ಫೋನನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಳಿಸಲಿಲ್ಲ. ತನ್ನ ಚೀಲದೊಳಗೆ ಹಾಕಿಕೊಂಡಳು.

"ನನ್ನ ಹತ್ರ ಇರಲಿ. ನನ್ನ ದನಿ ತಾನೇ, ನಾನೇ ಹೊರ್ತೀನಿ. ನಾಳೆ ನಿಮಗೆ ಬೇರೆ ಫೋನ್ ತಗೊಳ್ಳೋಣ."

ಅವನು ಮುಖ ತಿರುಗಿಸಿದ. ಭುಜ ಸಣ್ಣಗೆ ಅಲುಗುತ್ತಿತ್ತು. ಅವಳು ಮೊದಲ ಬಾರಿಗೆ ಅವನ ಕೈ ಹಿಡಿದಳು. ಹೆಬ್ಬೆರಳಲ್ಲಿ ಸೂಜಿಯ ಕಲೆ ಇನ್ನೂ ಇತ್ತು.

ಚಹಾ ಮುಗಿದ ಮೇಲೆ ಅವನು ಕೇಳಿದ, ಸಮುದ್ರವನ್ನೇ ನೋಡುತ್ತಾ.

"ಮುಂದಿನ ಮೂರು ದಿನ ಹೇಗಿದೆ?"

"ನಾಳೆ ಸೊಂಟದೆತ್ತರ. ನಾಡಿದ್ದು ಸ್ವಲ್ಪ ಕಡಿಮೆ. ಅದರಾಚೆ... ಗೊತ್ತಿಲ್ಲ."

"ಗೊತ್ತಿಲ್ಲ ಅಂತ ಮೈಕಿನಲ್ಲಿ ಒಂದು ದಿನವೂ ಅಂದವರಲ್ಲ ನೀವು."

"ಮೈಕಿನಲ್ಲಿ ಅನ್ನೋ ಹಾಗಿಲ್ಲ. ನಿನಗೆ ಹೇಳ್ತಾ ಇದೀನಿ."

ಅವನು ತಿರುಗಿ ನೋಡಿದ.

"ಹಾಗಾದ್ರೆ ನಾನು ಏನು ನಂಬಲಿ?"

"ನಿನ್ನೆ ಹೇಳಿದ್ದನ್ನ ನಂಬಬೇಡ," ಅಂದಳು ಅವಳು. "ದಿನಾ ಬಂದು ಕೇಳು."

"ದಿನಾ?"

"ದಿನಾ."